ಮಿಲಿಟ್ರಿಯವರ ಮದ್ದಿನ ಕಾರ್ಡು: ಯಾರಿಗೆ ಉಂಟು, ಯಾರಿಗಿಲ್ಲ?

ಉಡುಪಿ: ಜುಲೈ 26 ಬಂತೆಂದರೆ ಅಜ್ಜರಕಾಡಿನ ಹುತಾತ್ಮ ಸ್ಮಾರಕಕ್ಕೆ ಹೂವು ಬೀಳುತ್ತದೆ. ಕಾರ್ಗಿಲ್ ದಿನ. ಭಾಷಣ ಆಗುತ್ತದೆ, ಹಳೆಯ ಸೈನಿಕರಿಗೆ ಶಾಲು ಹೊದಿಸುವುದೂ ಆಗುತ್ತದೆ. ಮರುದಿನ ಬೆಳಿಗ್ಗೆ ಆ ಶಾಲಿನ ಅಜ್ಜ ಸಕ್ಕರೆ ಕಾಯಿಲೆಯ ಮಾತ್ರೆಗೆ ಯಾವ ಬಸ್ಸು ಹತ್ತುತ್ತಾರೆ ಎಂದು ಕೇಳುವವರು ಕಡಿಮೆ.

2024ರ ಡಿಸೆಂಬರ್ 24ರಂದು ಪೂಂಛ್‌ನಲ್ಲಿ ಸೇನೆಯ ವಾಹನ ಕಮರಿಗೆ ಉರುಳಿ ಐವರು ಸೈನಿಕರು ತೀರಿಕೊಂಡರು. ಅವರಲ್ಲೊಬ್ಬರು ನಮ್ಮ ಜಿಲ್ಲೆಯ ಬೀಜಾಡಿಯ ಅನೂಪ್ ಪೂಜಾರಿ. ಸುದ್ದಿ ಕೇಳಿ ಜಿಲ್ಲೆಯೇ ಮರುಗಿತು. ಮರುಗಲೇಬೇಕಾದ್ದು. ಆದರೆ 1971ರ ಯುದ್ಧ ನೋಡಿ ಬಂದು, ಈಗ ಎಪ್ಪತ್ತೈದು ದಾಟಿ, ಮಂಡಿ ನೋವು, ಎದೆ ನೋವು ಎಂದು ಮನೆಯ ಚಾವಡಿಯಲ್ಲಿ ಕುಳಿತವರ ಸುದ್ದಿ ಪೇಪರಿಗೆ ಬರುವುದಿಲ್ಲ.

ಅಂಗಡಿ ಕಟ್ಟೆಯಲ್ಲಿ ಕೇಳಿ ನೋಡಿ. "ಅವರಿಗೆಂತ ಮಾರಾಯ್ರೆ, ಮಿಲಿಟ್ರಿಯವರಲ್ವಾ? ಪೆನ್ಶನ್ ಉಂಟು, ಕ್ಯಾಂಟೀನ್ ಉಂಟು, ಆಸ್ಪತ್ರೆ ಪೂರಾ ಫ್ರೀ" ಎಂಬ ಉತ್ತರ ಸಿದ್ಧ. ಮಾತಿನಲ್ಲಿ ಸುಳ್ಳಿಲ್ಲ, ಪೂರ್ತಿ ಸತ್ಯವೂ ಇಲ್ಲ. ಆಸ್ಪತ್ರೆ ಫ್ರೀ ಆಗುವುದು ಒಂದು ಕಾರ್ಡು ಇದ್ದವರಿಗೆ. ಕಾರ್ಡು ಸಿಗುವುದು ಕಾಗದ ಸರಿ ಇದ್ದವರಿಗೆ. ಎಷ್ಟು ವರ್ಷ ಹಿಮದಲ್ಲಿ ನಿಂತಿರಿ ಎಂದು ಆ ಕೌಂಟರಿನಲ್ಲಿ ಯಾರೂ ಕೇಳುವುದಿಲ್ಲ; ಪಿ.ಪಿ.ಒ. ತೋರಿಸಿ ಎನ್ನುತ್ತಾರೆ. ಪಿ.ಪಿ.ಒ. ಎಂದರೆ ಪಿಂಚಣಿ ಪಾವತಿ ಆದೇಶ. ಎಲ್ಲ ಕಥೆ ಈ ಒಂದು ಹಾಳೆಯ ಸುತ್ತ ತಿರುಗುತ್ತದೆ.

ಕಾರ್ಡಿನ ಯೋಜನೆಗೆ ಮಾಜಿ ಸೈನಿಕರ ಕಾಣಿಕೆ ಆರೋಗ್ಯ ಯೋಜನೆ ಎಂದು ಹೆಸರು. ಎಲ್ಲರ ಬಾಯಲ್ಲಿ ಇ.ಸಿ.ಎಚ್.ಎಸ್. ಇದು ಆರಂಭವಾದದ್ದು 2003ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ನಿವೃತ್ತ ಜವಾನನಿಗೆ ಕಾಯಿಲೆ ಬಿದ್ದರೆ ಸೇನೆಯ ಆಸ್ಪತ್ರೆಯೇ ಗತಿ; ಅದೂ ಸೇವೆಯಲ್ಲಿ ಇರುವವರಿಗೆ ಆಗಿ ಉಳಿದ ಹಾಸಿಗೆ. ನಮ್ಮ ಕರಾವಳಿಯವರಿಗೆ ಅದೆಲ್ಲ ಎಷ್ಟು ದೂರ! ವಾಯುಸೇನೆಯ ಕಮಾಂಡ್ ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ. ಘಾಟಿ ಹತ್ತಿ ಹೋಗಿ ಬರುವ ಖರ್ಚಿನಲ್ಲಿ ಊರ ಡಾಕ್ಟ್ರ ಹತ್ತಿರವೇ ಮದ್ದು ಮುಗಿಯುತ್ತಿತ್ತು.

2003ರಲ್ಲಿ ದೇಶದಾದ್ಯಂತ 227 ಪಾಲಿಕ್ಲಿನಿಕ್‌ಗಳೆಂದು ಲೆಕ್ಕ ಹಾಕಿದರು. 2010ರಲ್ಲಿ ಇನ್ನೂ 199 ಸೇರಿಸಿ 426 ಎಂದರು. ಪಾಲಿಕ್ಲಿನಿಕ್‌ನಲ್ಲಿ ಡಾಕ್ಟ್ರು ನೋಡುತ್ತಾರೆ, ಮದ್ದು ಕೊಡುತ್ತಾರೆ. ಕೈ ಮೀರಿದ ಕಾಯಿಲೆಯಾದರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಚೀಟಿ ಬರೆಯುತ್ತಾರೆ. ಆ ಆಸ್ಪತ್ರೆ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ, ಬಿಲ್ಲು ಸರಕಾರಕ್ಕೆ ಹೋಗುತ್ತದೆ. ಇಷ್ಟೇ ಖರ್ಚು ಎಂಬ ಮಿತಿ ಇಲ್ಲ. ಹಳೆ ಕಾಯಿಲೆ, ಹೊಸ ಕಾಯಿಲೆ ಎಂಬ ತಕರಾರೂ ಇಲ್ಲ. ವರ್ಷ ವರ್ಷ ವಿಮೆ ಕಂತು ಕಟ್ಟಿ, ವಯಸ್ಸಾದ ಹಾಗೆ ಕಂತು ಏರುವುದನ್ನು ನೋಡಿ ತಲೆ ಮೇಲೆ ಕೈ ಇಟ್ಟುಕೊಳ್ಳುವ ರಥಬೀದಿಯ ಅಂಗಡಿಯವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಕಟ್ಟಬೇಕಾದ್ದು ಒಮ್ಮೆ ಮಾತ್ರ. 2017ರ ಕೊನೆಗೆ ಹೊರಟ ಆದೇಶದ ಪ್ರಕಾರ ಸಿಪಾಯಿಯಿಂದ ಹವಾಲ್ದಾರರವರೆಗೆ 30,000 ರೂ., ನಾಯಿಬ್ ಸುಬೇದಾರರಿಂದ ಸುಬೇದಾರ್ ಮೇಜರ್‌ವರೆಗೆ 67,000 ರೂ., ಅಧಿಕಾರಿಗಳಿಗೆ 1,20,000 ರೂ. ವಾರ್ಡು ಕೂಡ ಅದೇ ಕ್ರಮದಲ್ಲಿ: ಜನರಲ್, ಸೆಮಿ ಪ್ರೈವೇಟ್, ಪ್ರೈವೇಟ್. ಸಾಯುವಾಗಲೂ ರ‍್ಯಾಂಕ್ ಬಿಡುವುದಿಲ್ಲ ಎಂದು ಕೆಲವರು ನಗೆಯಾಡುವುದುಂಟು.

ಇಲ್ಲಿ ಒಂದು ಸಂಗತಿ ದೊಡ್ಡ ಅಕ್ಷರದಲ್ಲಿ ಓದಬೇಕು. 1996ರ ಜನವರಿ 1ಕ್ಕಿಂತ ಮೊದಲು ಪಿಂಚಣಿ ಮೇಲೆ ಬಂದವರಿಗೆ ಈ ಕಾಣಿಕೆಯೇ ಇಲ್ಲ. ಒಂದು ಪೈಸೆಯೂ ಕಟ್ಟಬೇಕಾಗಿಲ್ಲ. ಯುದ್ಧದಲ್ಲಿ ಗಂಡನನ್ನು ಕಳಕೊಂಡ ವಿಧವೆಯರಿಗೂ ಇಲ್ಲ. ಆದರೂ "ಅಷ್ಟು ದುಡ್ಡು ಎಲ್ಲಿಂದ ತರುವುದು, ಬೇಡ ಬಿಡಿ" ಎಂದು ಕಾರ್ಡು ಮಾಡಿಸದೆ ಕುಳಿತ ಹಿರಿಯರು ಹಳ್ಳಿಗಳಲ್ಲಿ ಇದ್ದರೆ ಆಶ್ಚರ್ಯವಿಲ್ಲ. ನೆರೆಮನೆಯಲ್ಲಿ ಅಂಥವರಿದ್ದರೆ ಇವತ್ತು ಸಂಜೆಯೇ ಹೋಗಿ ಹೇಳಬಹುದು.

ಹಡಗಿನವರೆಲ್ಲ ನೇವಿಯವರಲ್ಲ

ಯಾರು ಮಾಜಿ ಸೈನಿಕರು ಎಂಬಲ್ಲೇ ನಮ್ಮ ಊರಲ್ಲಿ ಗಲಿಬಿಲಿ. ಕಾಪು, ಉಚ್ಚಿಲ, ಪಡುಬಿದ್ರಿ ಕಡೆ "ಅವರು ಹಡಗಿನಲ್ಲಿದ್ದವರು" ಎಂದರೆ ಎರಡು ಅರ್ಥ. ನೌಕಾಪಡೆಯಲ್ಲಿದ್ದು ಪಿಂಚಣಿ ಪಡೆಯುವವರಿಗೆ ಕಾರ್ಡು ಉಂಟು. ಮರ್ಚೆಂಟ್ ನೇವಿ, ಅಂದರೆ ಸರಕು ಹಡಗಿನಲ್ಲಿ ದೇಶ ದೇಶ ಸುತ್ತಿದವರಿಗೆ ಇಲ್ಲ. ಅದು ನೌಕರಿ, ಸೇನೆಯಲ್ಲ. ಕೋಸ್ಟ್ ಗಾರ್ಡ್ ಸಮವಸ್ತ್ರದಲ್ಲಿದ್ದು ಪಿಂಚಣಿ ಮೇಲೆ ಬಂದವರನ್ನು ಆಮೇಲೆ ಯೋಜನೆಗೆ ಸೇರಿಸಿದ್ದಾರೆ. ಡಿ.ಎಸ್.ಸಿ.ಯವರನ್ನೂ, ಮಿಲಿಟ್ರಿ ನರ್ಸುಗಳನ್ನೂ ಸೇರಿಸಿದ್ದಾರೆ.

ಬಿ.ಎಸ್.ಎಫ್., ಸಿ.ಆರ್.ಪಿ.ಎಫ್.ನವರು? ಗಡಿಯಲ್ಲೇ ನಿಂತವರು, ಗುಂಡೇಟು ತಿಂದವರೂ ಇದ್ದಾರೆ. ಆದರೆ ಅವರು ಗೃಹ ಖಾತೆಯವರು. ನಿವೃತ್ತರಾದ ಮೇಲೆ ಅವರ ಮದ್ದಿನ ದಾರಿ ಕೇಂದ್ರ ಸರಕಾರಿ ನೌಕರರ ಸಿ.ಜಿ.ಎಚ್.ಎಸ್. ಕಾರ್ಕಳದ ಯಾವುದೋ ಮನೆಯಲ್ಲಿ ಅಣ್ಣ ಸೇನೆ, ತಮ್ಮ ಸಿ.ಆರ್.ಪಿ.ಎಫ್. ಎಂದಿಟ್ಟುಕೊಳ್ಳಿ. ಗೋಡೆಯ ಮೇಲೆ ಇಬ್ಬರ ಫೋಟೋಗೂ ಒಂದೇ ಮಾಲೆ, ಆಸ್ಪತ್ರೆ ಕೌಂಟರಿನಲ್ಲಿ ಎರಡು ದಾರಿ.

ಇನ್ನು ಕುಟುಂಬದ ಲೆಕ್ಕ. ಹೆಂಡತಿಗೆ ಉಂಟು. ಮಗನಿಗೆ 25 ವರ್ಷದವರೆಗೆ. ಅದಕ್ಕೆ ಮೊದಲೇ ದುಡಿಯತೊಡಗಿದರೆ ಅಥವಾ ಮದುವೆಯಾದರೆ ಅಲ್ಲಿಗೆ ಮುಗಿಯಿತು. ಮಗಳಿಗೆ ವಯಸ್ಸಿನ ಮಿತಿ ಇಲ್ಲ, ಮದುವೆಯಾಗುವ ತನಕ ಅಥವಾ ಸಂಪಾದನೆ ಶುರುವಾಗುವ ತನಕ. ಅಂಗವಿಕಲ ಮಗುವಿಗೆ, ಶೇ. 40 ಅಥವಾ ಹೆಚ್ಚಿನ ಊನವೆಂದು ಸರ್ಟಿಫಿಕೇಟ್ ಇದ್ದರೆ, ಜೀವನ ಪೂರ್ತಿ. ತಂದೆ ತಾಯಿಗೂ ಉಂಟು, ಅವರ ಆದಾಯ ತಿಂಗಳಿಗೆ 9,000 ರೂ. ಮತ್ತು ಅದರ ಮೇಲಿನ ತುಟ್ಟಿಭತ್ಯೆಯೊಳಗೆ ಇರಬೇಕು.

ಅಳಿಯಂದಿರಿಗೆ ಇಲ್ಲ. ಇದನ್ನು ಬೇರೆ ಊರಲ್ಲಿ ಹೇಳುವ ಅಗತ್ಯವಿಲ್ಲ, ತುಳುನಾಡಿನಲ್ಲಿ ಹೇಳಬೇಕು. ಕಾಯಿದೆಯಲ್ಲಿ ಅಳಿಯಸಂತಾನ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಕಾಲಕ್ಕೇ ಹಿಂದೆ ಸರಿಯಿತು, ಮನೆಯಲ್ಲಿ ಪೂರ್ತಿ ಸರಿದಿಲ್ಲ. ಮದುವೆಯಾಗದ ಮಾವ ಮಿಲಿಟ್ರಿಯಿಂದ ಮನಿಯಾರ್ಡರ್ ಕಳಿಸಿ ಅಕ್ಕನ ಮಕ್ಕಳನ್ನು ಓದಿಸಿದ್ದು ಎಷ್ಟು ಮನೆಗಳಲ್ಲಿ ಇಲ್ಲ? ಕೊನೆಗಾಲದಲ್ಲಿ ಮಾವನನ್ನು ಆಸ್ಪತ್ರೆಗೆ ಹೊತ್ತೊಯ್ಯುವವನು ಅಳಿಯನೇ. ಆದರೆ ಸರಕಾರದ ಪಟ್ಟಿಯಲ್ಲಿ ಮಾವನಿಗೆ ಅಳಿಯ ಯಾರೂ ಅಲ್ಲ.

ಹೆಸರೇ ಗಂಟಲ ಮುಳ್ಳು

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ಹಾಕಿಸುವುದು ಹೆಸರು. ಹುಡುಗ ಹದಿನೆಂಟಕ್ಕೆ ಭರ್ತಿಗೆ ಹೋಗಿ ನಿಂತಾಗ ಎದುರಿನ ಗುಮಾಸ್ತ ಉತ್ತರದವನು. ನಮ್ಮ 'ಸಂಜೀವ' ಅವನ ಲೇಖನಿಯಲ್ಲಿ 'ಸಂಜೀವ್' ಆಗುತ್ತಾನೆ. 'ಶೀನ' ಏನಾಗುತ್ತಾನೋ ದೇವರಿಗೇ ಗೊತ್ತು. ಶೆಟ್ಟಿ, ಪೂಜಾರಿ, ನಾಯಕ್ ಎಂಬುದು ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಮದುವೆಯಾದಾಗ ಹೆಂಡತಿಯ ಹೆಸರು ಮನೆಯಲ್ಲಿ ಕರೆಯುವಂತೆ 'ಗಿರಿಜಾ' ಎಂದು ಬರೆಸಿರುತ್ತಾರೆ. ಆಧಾರ್ ಕಾರ್ಡಿನಲ್ಲಿ ಆಕೆ 'ಗಿರಿಜಮ್ಮ'. ಹುಟ್ಟಿದ ದಿನ ಕೇಳಿದರೆ "ದೊಡ್ಡ ಬೊಳ್ಳ ಬಂದ ವರ್ಷ" ಎನ್ನುವ ಕಾಲದವರು ಅವರು. ಶಾಲೆಗೆ ಹೋಗದವರಿಗೆ ಜನ್ಮ ದಿನಾಂಕ ಯಾರೋ ಊಹಿಸಿ ಬರೆದದ್ದೇ.

ಗಂಡ ಇರುವ ತನಕ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಪಿಂಚಣಿ ಬ್ಯಾಂಕಿಗೆ ಬರುತ್ತದೆ, ಕ್ಯಾಂಟೀನ್ ಸಾಮಾನು ಮನೆಗೆ ಬರುತ್ತದೆ. ಗಂಡ ಕಣ್ಣು ಮುಚ್ಚಿದ ಮೇಲೆ ಹೆಂಡತಿ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಗಿರಿಜಾ ಬೇರೆ, ಗಿರಿಜಮ್ಮ ಬೇರೆ. ಕುಟುಂಬ ಪಿಂಚಣಿ ಇತ್ಯರ್ಥವಾಗದೆ ಆಕೆಯ ಹೆಸರಿಗೆ ಹೊಸ ಕಾರ್ಡು ಇಲ್ಲ. ಇಷ್ಟರಲ್ಲಿ ಆಕೆಗೂ ಬಿ.ಪಿ., ಸಕ್ಕರೆ. ರೆಕಾರ್ಡ್ ಆಫೀಸು ಎಲ್ಲಿ? ಬೆಳಗಾವಿಯ ಮರಾಠಾ ಸೆಂಟರಿನವರಾದರೆ ಒಂದು ಊರು, ಎಂ.ಇ.ಜಿ.ಯವರಾದರೆ ಬೆಂಗಳೂರು, ಬೇರೆ ದಳವಾದರೆ ಉತ್ತರದ ಯಾವುದೋ ದೂರದ ಊರು. ಅಲ್ಲಿಗೆ ಕಾಗದ ಹೋಗಬೇಕು, ಬರಬೇಕು. ಮಗ ಮುಂಬೈಯಲ್ಲಿ, ಮಗಳು ದುಬೈಯಲ್ಲಿ. ಫಾರ್ಮು ತುಂಬಿಸುವವರು ಯಾರು?

ಗಂಡ ಬದುಕಿರುವಾಗಲೇ ಮಾಡಿಸಿದರೆ ಇದು ಸಣ್ಣ ಕೆಲಸ. ಡಿಸ್ಚಾರ್ಜ್ ಬುಕ್, ಪಿ.ಪಿ.ಒ., ಆಧಾರ್, ಬ್ಯಾಂಕ್ ಪಾಸ್‌ಬುಕ್, ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಓದಬೇಕು. ಹೆಂಡತಿಯ ಹೆಸರು ನಾಲ್ಕರಲ್ಲೂ ಒಂದೇ ಥರ ಉಂಟಾ? ಹುಟ್ಟಿದ ದಿನ ಒಂದೇ ಉಂಟಾ? ಪಿ.ಪಿ.ಒ.ದಲ್ಲಿ ಆಕೆಯ ಹೆಸರು ಸೇರಿದೆಯಾ? ಸೇನೆ ಬಿಟ್ಟ ಮೇಲೆ ಮದುವೆಯಾದವರು ಇದನ್ನು ಎರಡೆರಡು ಸಲ ನೋಡಿಕೊಳ್ಳಬೇಕು. ತಪ್ಪಿದ್ದರೆ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ರೆಕಾರ್ಡ್ ಆಫೀಸಿಗೆ ತಿದ್ದುಪಡಿಗೆ ಬರೆಯಬೇಕು. ಅರ್ಜಿಗೆ ಗಂಡನ ಸಹಿ ಸಿಗುವಾಗ ಆಗುವ ಕೆಲಸ, ಸಹಿ ಸಿಗದಾದ ಮೇಲೆ ಹತ್ತು ಪಟ್ಟು.

ಗಂಡನ ಕಾಲದಲ್ಲಿ ಕಾರ್ಡು ಇದ್ದರೆ ವಿಧವೆ ಮತ್ತೆ ದುಡ್ಡು ಕಟ್ಟಬೇಕಾಗಿಲ್ಲ. ಹಳೆಯ ಕಾರ್ಡು ಒಪ್ಪಿಸಿ, ಕುಟುಂಬ ಪಿಂಚಣಿಯ ದಾಖಲೆ ಕೊಟ್ಟು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಅರ್ಜಿ ಈಗ ಕಂಪ್ಯೂಟರಿನಲ್ಲೇ ಹಾಕಬೇಕು. ಹೊಸ ಕಾರ್ಡು ಬರುವ ತನಕ ತಾತ್ಕಾಲಿಕ ಚೀಟಿ ನಡೆಯುತ್ತದೆ. ಆ ಚೀಟಿಯನ್ನು ಕಪಾಟಿನಲ್ಲಿ ಜೋಪಾನ ಮಾಡುವುದಲ್ಲ, ಪರ್ಸಿನಲ್ಲಿ ಇಟ್ಟುಕೊಳ್ಳುವುದು.

ಈಗ ಬಸ್ಸಿನ ವಿಷಯ. ಪ್ರತಿ ಕಾರ್ಡನ್ನೂ ಒಂದು ಪಾಲಿಕ್ಲಿನಿಕ್‌ಗೆ ಜೋಡಿಸಿರುತ್ತಾರೆ. ಮಂಗಳೂರಿನದಕ್ಕೆ ಜೋಡಿಸಿಕೊಂಡ ಉಡುಪಿ ಕಡೆಯವರ ದಿನ ಹೇಗೆ ಹೋಗುತ್ತದೆ ನೋಡಿ. ಕಾಪುವಿನಿಂದ ಎಕ್ಸ್‌ಪ್ರೆಸ್ ಹತ್ತಿದರೆ ಪಡುಬಿದ್ರಿ, ಹೆಜಮಾಡಿ ಟೋಲು, ಮೂಲ್ಕಿ, ಸುರತ್ಕಲ್ ದಾಟಿ ಮಂಗಳೂರು. ಕಾರ್ಕಳದವರು ಮೂಡುಬಿದಿರೆ ಮೇಲಿಂದ. ಬೆಳಿಗ್ಗೆ ತಿಂಡಿಗೆ ಮೊದಲು ಹೊರಟು, ಸಾಲಿನಲ್ಲಿ ಕುಳಿತು, ಮದ್ದು ತಕ್ಕೊಂಡು ಮನೆ ಸೇರುವಾಗ ಸಂಜೆ ದೀಪ ಹಚ್ಚುವ ಹೊತ್ತು. ಸಕ್ಕರೆ ಕಾಯಿಲೆಯವರು ಅಷ್ಟು ಹೊತ್ತು ಹಸಿದಿರಲಿಕ್ಕಿಲ್ಲ, ಮೂತ್ರದ ತೊಂದರೆಯವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂರಲಿಕ್ಕಿಲ್ಲ.

ಕಾರ್ಕಳದವರ ಪಾಡು ಇನ್ನೂ ತಮಾಷೆಯದು. ಉಡುಪಿಗೆ ಬರುವ ಅವರ ಬಸ್ಸು ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲದ ಟೈಗರ್ ಸರ್ಕಲಿನಲ್ಲೇ ನಿಲ್ಲುತ್ತದೆ. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು ಆರಂಭಿಸಿದ ಊರು. ದೇಶ ವಿದೇಶದಿಂದ ರೋಗಿಗಳು ಹುಡುಕಿ ಬರುವ ಜಾಗ. ನಮ್ಮ ಹವಾಲ್ದಾರರು ಕಿಟಕಿಯಿಂದ ಆಸ್ಪತ್ರೆ ನೋಡುತ್ತಾರೆ, ಇಳಿಯುವ ಹಾಗಿಲ್ಲ. ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿ ಇದ್ದರೂ ಸಾಮಾನ್ಯ ಕ್ರಮದಲ್ಲಿ ಪಾಲಿಕ್ಲಿನಿಕ್‌ನ ಚೀಟಿ ಮೊದಲು, ಆಸ್ಪತ್ರೆ ಆಮೇಲೆ. ಪಟ್ಟಿಯೂ ಬದಲಾಗುತ್ತಾ ಇರುತ್ತದೆ. ಹೋದ ವರ್ಷ ಇದ್ದ ಆಸ್ಪತ್ರೆ ಈ ವರ್ಷ ಇರಬೇಕೆಂದಿಲ್ಲ. ಒಂದು ಫೋನ್ ಮಾಡಿ ಕೇಳಿ ಹೊರಟರೆ ಬಸ್ ಚಾರ್ಜು ಉಳಿಯುತ್ತದೆ.

ಪಟ್ಟಿಯಿಂದ ಆಸ್ಪತ್ರೆಗಳು ಹೊರಗೆ ಹೋಗುವುದು ಯಾಕೆ? ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ. ಉದ್ರಿ. ಆಸ್ಪತ್ರೆ ಚಿಕಿತ್ಸೆ ಕೊಟ್ಟು ಬಿಲ್ಲು ಕಳಿಸುತ್ತದೆ, ದುಡ್ಡು ತಡವಾಗಿ ಬರುತ್ತದೆ, ಅದೂ ಸರಕಾರ ಗೊತ್ತು ಮಾಡಿದ ದರದಲ್ಲಿ. ಬಾಕಿ ಬಿಲ್ಲಿನ ಮಾತು ಪಾರ್ಲಿಮೆಂಟಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆಯೂ ಬಂದದ್ದುಂಟು. 2015ರಲ್ಲಿ ಮಹಾಲೇಖಪಾಲರು ಈ ಯೋಜನೆಯ ಮೇಲೆಯೇ ಪ್ರತ್ಯೇಕ ವರದಿ ಬರೆದು, ಮದ್ದು ಸಮಯಕ್ಕೆ ಸಿಗದಿರುವುದನ್ನೂ ಎತ್ತಿ ತೋರಿಸಿದ್ದರು. ಕೊಟ್ಟ ಮಾತು ದೊಡ್ಡದು, ಗಲ್ಲಾಪೆಟ್ಟಿಗೆ ಅಷ್ಟು ದೊಡ್ಡದಿಲ್ಲ.

ನಡುರಾತ್ರಿ ಎದೆ ನೋವು ಬಂದರೆ? ಆಗ ಚೀಟಿಗಾಗಿ ಕಾಯಬೇಕಾಗಿಲ್ಲ. ಹತ್ತಿರದ ಆಸ್ಪತ್ರೆಗೆ ಓಡಬೇಕು. ಅದು ಪಟ್ಟಿಯಲ್ಲಿದ್ದರೆ ಕಾರ್ಡು ತೋರಿಸಿದರಾಯಿತು, ಮೇಲಿನವರಿಗೆ ತಿಳಿಸುವುದು ಆಸ್ಪತ್ರೆಯ ಕೆಲಸ. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಯಾದರೆ ಮನೆಯವರು 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ದುಡ್ಡು ಮೊದಲು ಕೈಯಿಂದ ಕಟ್ಟಬೇಕು, ಒಂದೊಂದು ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ತುರ್ತು ಸ್ಥಿತಿ ಇತ್ತೆಂಬ ಡಾಕ್ಟ್ರ ಪತ್ರ ಇಟ್ಟುಕೊಂಡು ಆಮೇಲೆ ಕೇಳಬೇಕು. ಪೂರ್ತಿ ಬರುತ್ತದೆಂದು ನಂಬಿ ಕೂರುವುದು ಬೇಡ. ಬಿಲ್ಲು ಒಂದು ಲಕ್ಷ ಆಯಿತು, ಸರಕಾರಿ ದರಪಟ್ಟಿಯಲ್ಲಿ ಆ ಚಿಕಿತ್ಸೆಗೆ ಅರವತ್ತು ಸಾವಿರ ಎಂದಿಟ್ಟುಕೊಳ್ಳಿ; ಬರುವುದು ಅರವತ್ತು. ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಹಣ ನಿರಾಕರಿಸಬಾರದೆಂದು 2018ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಶಿವಕಾಂತ್ ಝಾ ಪ್ರಕರಣದಲ್ಲಿ ಹೇಳಿತು. ಅದು ಸಿ.ಜಿ.ಎಚ್.ಎಸ್. ಪಿಂಚಣಿದಾರರ ಕೇಸು. ಕೋರ್ಟಿನವರೆಗೆ ಹೋಗುವ ತ್ರಾಣ ಎಷ್ಟು ಜನರಿಗೆ ಉಂಟು ಎಂಬುದು ಬೇರೆ ಪ್ರಶ್ನೆ.

ಇಷ್ಟೆಲ್ಲ ಪಿಂಚಣಿ ಇದ್ದವರ ಕಥೆ. ಪಿಂಚಣಿಯೇ ಇಲ್ಲದವರು? ಜವಾನನಿಗೆ ಪಿಂಚಣಿ ಬರಲು 15 ವರ್ಷ ಸೇವೆ ಬೇಕು, ಅಧಿಕಾರಿಗೆ 20. ಅಮ್ಮನಿಗೆ ಹುಷಾರಿಲ್ಲ, ಗದ್ದೆ ನೋಡುವವರಿಲ್ಲ ಎಂದು ಹದಿಮೂರು, ಹದಿನಾಲ್ಕು ವರ್ಷಕ್ಕೆ ಬಿಟ್ಟು ಬಂದವರಿಗೆ ಅದು ಕೈ ತಪ್ಪಿತು. 1962ರ ಚೀನಾ ಯುದ್ಧದ ಹೊತ್ತಿಗೆ ಅವಸರದಲ್ಲಿ ಸೇರಿಸಿಕೊಂಡ ಎಮರ್ಜೆನ್ಸಿ ಕಮಿಷನ್ ಅಧಿಕಾರಿಗಳು, ಶಾರ್ಟ್ ಸರ್ವಿಸ್‌ನವರು, ಎರಡನೇ ಮಹಾಯುದ್ಧಕ್ಕೆ ಹೋಗಿ ಯುದ್ಧ ಮುಗಿದ ಮೇಲೆ ಮನೆಗೆ ಕಳಿಸಲ್ಪಟ್ಟವರು, ಎಲ್ಲರೂ ಹೊರಗೇ ಉಳಿದರು. 2019ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಈ ಗುಂಪುಗಳಿಗೂ, ಅವಧಿಗೆ ಮೊದಲು ನಿವೃತ್ತರಾದವರಿಗೂ ಇ.ಸಿ.ಎಚ್.ಎಸ್. ಬಾಗಿಲು ತೆರೆಯಿತು. ಯೋಜನೆ ಬಂದು 16 ವರ್ಷದ ಮೇಲೆ! ಮಹಾಯುದ್ಧದವರಲ್ಲಿ ಎಷ್ಟು ಜನ ಅಷ್ಟರ ತನಕ ಉಳಿದಿದ್ದರು? ಇರಲಿ. "ನಿಮಗೆ ಪೆನ್ಶನ್ ಇಲ್ಲ, ಕಾರ್ಡು ಇಲ್ಲ" ಎಂದು 2019ಕ್ಕೆ ಮೊದಲು ವಾಪಸು ಬಂದವರು ಇನ್ನೊಮ್ಮೆ ಹೋಗಿ ಕೇಳಲೇಬೇಕು.

ಕಾರ್ಡಿನ ಹೊರಗೇ ಉಳಿದವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ನೆರವು ಉಂಟು. ಪಿಂಚಣಿ ಇಲ್ಲದ, ಹವಾಲ್ದಾರ್ ದರ್ಜೆವರೆಗಿನವರ ಮತ್ತು ಅವರ ವಿಧವೆಯರ ಚಿಕಿತ್ಸೆಗೆ ಇದ್ದ 30,000 ರೂ. ನೆರವನ್ನು 2023ರಲ್ಲಿ 50,000ಕ್ಕೆ ಏರಿಸಿದರು. ಗಂಭೀರ ಕಾಯಿಲೆಯದ್ದನ್ನು 1.25 ಲಕ್ಷದಿಂದ 1.50 ಲಕ್ಷಕ್ಕೆ. 65 ದಾಟಿದ, ಆದಾಯವಿಲ್ಲದ ಪಿಂಚಣಿರಹಿತರಿಗೆ ತಿಂಗಳಿಗೆ 4,000 ರೂ. ಇದ್ದದ್ದು 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 8,000 ಎಂದಾಗಿದೆ. ಇದಕ್ಕೆಲ್ಲ ಸೈನಿಕ ಕಲ್ಯಾಣ ಕಚೇರಿಯ ಮೂಲಕವೇ ಹೋಗಬೇಕು. ಜೊತೆಗೆ ರೇಶನ್ ಕಾರ್ಡಿನ ಮೇಲೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದ್ದೇ ಇದೆ: ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಎಂದಾಗ, ಇ.ಸಿ.ಎಚ್.ಎಸ್. ಇದ್ದವರು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದು ಹೇಳಿತ್ತು. ಆಯುಷ್ಮಾನ್‌ಗೆ 5 ಲಕ್ಷದ ಮಿತಿ ಉಂಟು, ಸೈನಿಕರ ಕಾರ್ಡಿಗೆ ಮಿತಿ ಇಲ್ಲ. ಕೈಯಲ್ಲಿದ್ದದ್ದನ್ನು ಬಿಡುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಮುಂಜಾನೆ ಮೈದಾನಗಳಲ್ಲಿ ಭರ್ತಿಗಾಗಿ ಓಡುವ ಹುಡುಗರಿಗೂ ಈ ಕಾರ್ಡಿನ ಮಾತು ಸಂಬಂಧಪಟ್ಟದ್ದೇ. 2022ರಲ್ಲಿ ಅಗ್ನಿಪಥ ಯೋಜನೆ ಬಂತು. ಅದರ ನಿಯಮದಂತೆ ಸೇವೆ ನಾಲ್ಕು ವರ್ಷ. ನೂರರಲ್ಲಿ 25 ಮಂದಿಯವರೆಗೆ ಖಾಯಂ, ಉಳಿದವರು ಸೇವಾನಿಧಿಯ ಗಂಟು ಹಿಡಿದು ಮನೆಗೆ. ಸೇವೆಯಲ್ಲಿ ಇರುವ ತನಕ ಸೇನೆಯ ಆಸ್ಪತ್ರೆ ಅವರಿಗೂ ಉಂಟು. ಮನೆಗೆ ಬಂದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕ ಎಂಬ ದರ್ಜೆ ಇಲ್ಲ, ಕ್ಯಾಂಟೀನ್ ಇಲ್ಲ, ಇ.ಸಿ.ಎಚ್.ಎಸ್. ಕೂಡ ಇಲ್ಲ ಎಂದು ಅದೇ ನಿಯಮದಲ್ಲಿ ಬರೆದಿದ್ದಾರೆ. ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಆರಂಭದ ಹೊತ್ತಿಗೆ. ನಾಲ್ಕು ವರ್ಷದ ಲೆಕ್ಕವನ್ನು ಹುಡುಗರ ಅಪ್ಪಂದಿರೇ ಬೆರಳಲ್ಲಿ ಎಣಿಸಬಹುದು.